ಒಪ್ಪಂದದ ಒಂದು ಸಾಲು, ಖಾಲಿಯಾದ ಚಿನ್ನ

ಮಾನ್ಯ ಸಂಪಾದಕರೇ,

ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಯಾವ ಸರಕಿಗೆ ಎಷ್ಟು ಸುಂಕ ಅನ್ನುವುದನ್ನಷ್ಟೇ ನೋಡುತ್ತೇವೆ, ಅಲ್ವಾ? ನನಗೆ ಮಾತ್ರ 1858ರ ಜಪಾನ್ ನೆನಪಾಗುತ್ತದೆ.

ಆ ವರ್ಷ ಅಮೆರಿಕದ ಪ್ರತಿನಿಧಿ ಟೌನ್ಸೆಂಡ್ ಹ್ಯಾರಿಸ್ ಜಪಾನಿನ ಜೊತೆ ಸ್ನೇಹ ಮತ್ತು ವ್ಯಾಪಾರದ ಒಪ್ಪಂದ ಮಾಡಿಸಿದರು. ಬ್ರಿಟನ್, ಫ್ರಾನ್ಸ್, ರಷ್ಯಾ, ಹಾಲೆಂಡ್ ಕೂಡ ಅದೇ ವರ್ಷ ಸಹಿ ಪಡೆದವು. ಬಂದರುಗಳು ತೆರೆದವು. ತಪ್ಪು ಮಾಡಿದ ವಿದೇಶಿಯರ ವಿಚಾರಣೆ ಅವರವರ ಕಾನ್ಸಲ್‌ಗಳ, ಅಂದರೆ ಅಲ್ಲಿದ್ದ ಅವರ ದೇಶದ ಅಧಿಕಾರಿಗಳ, ಕೈಗೆ ಹೋಯಿತು.

ನಿಜವಾದ ಪೆಟ್ಟು ಇದ್ದದ್ದು ನಾಣ್ಯದ ಸಾಲಿನಲ್ಲಿ. ವಿದೇಶಿ ನಾಣ್ಯವನ್ನು ಜಪಾನಿ ನಾಣ್ಯಕ್ಕೆ ತೂಕಕ್ಕೆ ತೂಕ ಬದಲಿಸಬಹುದು ಎಂದಿತ್ತು. ಜಪಾನಿನಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು 5 ತೂಕ ಬೆಳ್ಳಿ, ಹೊರಗೆ ಸುಮಾರು 15. ವ್ಯಾಪಾರಿಗಳು ಬೆಳ್ಳಿ ತಂದರು, ಚಿನ್ನ ಕೊಂಡರು, ಶಾಂಘೈನಲ್ಲಿ ಮಾರಿದರು. ಸರಕೇ ಬೇಕಿರಲಿಲ್ಲ! ಚಿನ್ನ ಹೊರಹೋಗುವುದನ್ನು ತಡೆಯಲು 1860ರಲ್ಲಿ ಜಪಾನ್ ಸರ್ಕಾರ ಚಿನ್ನದ ನಾಣ್ಯವನ್ನೇ ಚಿಕ್ಕದು ಮಾಡಬೇಕಾಯಿತು. ಬೆಲೆ ಏರಿತು, ಬಡವರು ನರಳಿದರು.

1866ರಲ್ಲಿ ಹೆಚ್ಚಿನ ಸರಕುಗಳ ಸುಂಕವನ್ನು ಶೇ 5ಕ್ಕೆ ಕಟ್ಟಿಹಾಕಿದರು. 1894ರಲ್ಲಿ ಬ್ರಿಟನ್ ಜೊತೆ ಹೊಸ ಒಪ್ಪಂದವಾಗಿ, 1899ರಲ್ಲಿ ಕಾನ್ಸಲ್ ನ್ಯಾಯಾಲಯಗಳು ಹೋದವು. ಸುಂಕದ ಪೂರ್ತಿ ಹಕ್ಕು ಮರಳಿದ್ದು 1911ರಲ್ಲಿ. ಐವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಹಾಗಾಗಿ ಒಂದು ಕೋರಿಕೆ. ಇನ್ನು ಯಾವುದೇ ವ್ಯಾಪಾರ ಒಪ್ಪಂದ ಆದಾಗ ಅದರ ಮುಖ್ಯ ಷರತ್ತುಗಳನ್ನು ಸರಳ ಕನ್ನಡದಲ್ಲಿ ಪೂರ್ತಿ ಪ್ರಕಟಿಸಿ.

– ಒಬ್ಬ ಓದುಗ, ಧಾರವಾಡ