ಬಾಗಿಲು ತೆರೆಯುವ ಮುಂಚೆ ಇನ್ನೊಂದು ತಪಾಸಣೆ: ಮೈಸೂರು ಕ್ಯಾಂಪಿನ ಗ್ರಾಹಕರಿಗೆ ಪತ್ರ

ನಮಸ್ಕಾರ,

ಮೈಸೂರಿನ ಸ್ಕೈಡೈವಿಂಗ್ ಕ್ಯಾಂಪಿಗೆ ಬುಕ್ ಮಾಡಿರುವ ಎಲ್ಲರಿಗೂ ಈ ಪತ್ರ. ಮುಂದಿನ ಕ್ಯಾಂಪಿನಿಂದ ನೀವು ನಿಮ್ಮ ಸ್ಲಾಟಿಗಿಂತ ಒಂದು ಗಂಟೆ ಮೊದಲೇ ಬರಬೇಕು. ದಿನಕ್ಕೆ ವಿಮಾನ ಏರುವ ಸಲವೂ ಕಡಿಮೆಯಾಗುತ್ತದೆ. ಹಾಗಾಗಿ ಕೆಲವರ ಸ್ಲಾಟ್ ಮರುದಿನಕ್ಕೆ ಹೋಗಬಹುದು. ದರ ಹಿಂದಿನದೇ.

ಬಂದವರೆಲ್ಲ ಕೇಳುವುದು ಒಂದೇ: ಪ್ಯಾರಾಶೂಟ್ ತೆರೆಯದಿದ್ದರೆ ಏನು ಗತಿ? ಅದಕ್ಕೆ ರಿಸರ್ವ್, ಅಂದರೆ ಎರಡನೇ ಪ್ಯಾರಾಶೂಟ್, ಇದೆ. ನಮಗೆ ಜಾಸ್ತಿ ಚಿಂತೆ, ಬೇಡದ ಹೊತ್ತಿನಲ್ಲಿ ಪ್ಯಾರಾಶೂಟ್ ತೆರೆದುಕೊಂಡರೆ ಎನ್ನುವುದು.

2025ರ ಸೆಪ್ಟೆಂಬರ್ 20ರಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೀಗೇ ಆಯಿತು. ಸೆಸ್ನಾ ಕ್ಯಾರವಾನ್ ವಿಮಾನ 15,000 ಅಡಿ ಎತ್ತರದಲ್ಲಿತ್ತು. ಬಾಗಿಲಿನಿಂದ ಹೊರಬರುತ್ತಿದ್ದ ಒಬ್ಬರ ರಿಸರ್ವ್ ಹ್ಯಾಂಡಲ್ ರೆಕ್ಕೆಯ ಫ್ಲ್ಯಾಪಿಗೆ (ರೆಕ್ಕೆಯ ಹಿಂಬದಿಯ ಮಡಚುವ ಭಾಗ) ಸಿಕ್ಕಿತು. ರಿಸರ್ವ್ ಬಿಚ್ಚಿಕೊಂಡು ಅವರನ್ನು ಹಿಂದಕ್ಕೆ ಎಳೆಯಿತು. ಪ್ಯಾರಾಶೂಟಿನ ಬಟ್ಟೆ ವಿಮಾನದ ಬಾಲಕ್ಕೆ ಸುತ್ತಿಕೊಂಡು, ಅವರು ಅಲ್ಲೇ ನೇತಾಡಿದರು. ಹುಕ್ ಚಾಕುವಿನಿಂದ (ಹಗ್ಗ ಕತ್ತರಿಸುವ ಕೊಕ್ಕೆಯಾಕಾರದ ಚಾಕು) 11 ಹಗ್ಗ ಕತ್ತರಿಸಿ ಬಿಡಿಸಿಕೊಂಡರು. ಆಮೇಲೆ ಮೇನ್ ಪ್ಯಾರಾಶೂಟ್ ತೆರೆದು ಸಣ್ಣಪುಟ್ಟ ಗಾಯಗಳೊಂದಿಗೆ ನೆಲ ಮುಟ್ಟಿದರು. ಜಖಂ ಆದ ಬಾಲದಲ್ಲೇ ಪೈಲಟ್ ವಿಮಾನ ಇಳಿಸಿದರು. ಅಲ್ಲಿ ಹುಕ್ ಚಾಕು ಕಡ್ಡಾಯವಾಗಿರಲಿಲ್ಲ. ಅದು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಮನಸ್ಸಾಗುವುದಿಲ್ಲ.

ಒಬ್ಬರೇ ಜಿಗಿಯುವ ಲೈಸೆನ್ಸ್ ಇರುವವರಿಗೆ ನಮ್ಮಲ್ಲಿ ಇನ್ನು ಹುಕ್ ಚಾಕು ಕಡ್ಡಾಯ. ಇಲ್ಲದವರಿಗೆ ನಾವೇ ಕೊಡುತ್ತೇವೆ.

ಇನ್ನು ತಪಾಸಣೆ. ಬೆನ್ನಿನ ಚೀಲವನ್ನು ಮುಚ್ಚಿ ಹಿಡಿಯುವುದು ಒಂದು ದಾರದ ಕುಣಿಕೆ, ಅದರೊಳಗೆ ಅಗುಳಿಯ ಹಾಗೆ ಕೂತಿರುವ ಒಂದು ಪಿನ್. ಕುಣಿಕೆ ಸವೆದು ಸಡಿಲವಾದರೆ ಪಿನ್ ಸುಲಭವಾಗಿ ಜಾರುತ್ತದೆ. ಪುಟ್ಟ ವಿಮಾನದಲ್ಲಿ ಬೆನ್ನು ಗೋಡೆಗೆ ಉಜ್ಜುತ್ತಲೇ ಇರುತ್ತದೆ, ಅದೇ ಸಾಕು. ಪೈಲಟ್ ಚೂಟ್ (ಮೇನ್ ಪ್ಯಾರಾಶೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಶೂಟ್) ಇಡುವ ಜೇಬಿನ ಎಲಾಸ್ಟಿಕ್ ಹಳತಾದರೂ ಅದೇ ಅಪಾಯ. ಹಾಗಾಗಿ ಪಿನ್, ಕುಣಿಕೆ, ಹ್ಯಾಂಡಲ್‌ಗಳನ್ನು ನೆಲದಲ್ಲಿ ಒಮ್ಮೆ, ಹತ್ತುವ ಮುಂಚೆ ಒಮ್ಮೆ, ಮೇಲೆ ಬಾಗಿಲು ತೆರೆಯುವ ಮುಂಚೆ ಮತ್ತೊಮ್ಮೆ ನೋಡುತ್ತೇವೆ. ಮೂರನೆಯದು ಹೊಸದು. ಅದು ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲ, ಯಾರೂ ಅವಸರ ಮಾಡಬೇಡಿ.

ಬಾಗಿಲು ಮುಚ್ಚಿರುವಾಗ ಏನಾದರೂ ಬಿಚ್ಚಿಕೊಂಡರೆ, ಬಟ್ಟೆಯನ್ನು ಕೂಡಲೇ ಅದುಮಿ ಹಿಡಿದು ಬಾಗಿಲಿನಿಂದ ದೂರ ಸರಿಯಬೇಕು. ಆಮೇಲೆ ಎಲ್ಲರೂ ವಿಮಾನದಲ್ಲೇ ವಾಪಸ್. ಪೈಲಟ್ ನಿಧಾನವಾಗಿ ಇಳಿಸುತ್ತಾರೆ, ಬೇಸರಿಸಬೇಡಿ. ಯಾಕೆಂದರೆ ಕಲಿಯುವವರ ಪ್ಯಾರಾಶೂಟ್ ಸೆಟ್ಟಿನಲ್ಲಿರುವ ಸ್ವಯಂಚಾಲಿತ ಯಂತ್ರ, ಕೆಳಮಟ್ಟದಲ್ಲಿ ಸೆಕೆಂಡಿಗೆ ಸುಮಾರು 13 ಮೀಟರ್ ವೇಗದಲ್ಲಿ ಇಳಿದರೂ ರಿಸರ್ವನ್ನು ಬಿಚ್ಚಿಬಿಡಬಹುದು.

ಬಾಗಿಲು ತೆರೆದಿದ್ದು, ಬಟ್ಟೆ ಹೊರಗೆ ಹೋದರೆ ಮಾತೇ ಬೇರೆ. ಹಿಡಿದು ಎಳೆಯಲು ಹೋಗಬಾರದು. ಅದು ಯಾರ ಪ್ಯಾರಾಶೂಟೋ ಅವರು ತಕ್ಷಣ ಅದರ ಹಿಂದೆಯೇ ಹೊರಬೀಳಬೇಕು. ತಡ ಮಾಡಿದರೆ ಗಾಳಿಯೇ ಎಳೆದು ಬಾಗಿಲ ಚೌಕಟ್ಟಿಗೋ ಬಾಲಕ್ಕೋ ಬಡಿಯುತ್ತದೆ, ಒಳಗಿರುವವರೂ ಅಪಾಯಕ್ಕೆ ಸಿಗುತ್ತಾರೆ.

ಟ್ಯಾಂಡೆಮ್ ಅತಿಥಿಗಳೇ (ತರಬೇತುದಾರರ ಜೊತೆ ಕಟ್ಟಿಕೊಂಡು ಜಿಗಿಯುವವರೇ), ನೀವು ನೆನಪಿಡಬೇಕಾದ್ದು ಇಷ್ಟೇ. ಕೈ ಎದೆಯ ಪಟ್ಟಿಯ ಮೇಲಿರಲಿ, ಚೌಕಟ್ಟನ್ನು ಹಿಡಿಯಬೇಡಿ. ಭಯವಾದಾಗ ಕೈ ಅಲ್ಲಿಗೇ ಹೋಗುತ್ತದೆ, ಅದು ಸಹಜ. ಆದರೆ ನಿಮ್ಮ ಹಿಂದೆ ಕಟ್ಟಿಕೊಂಡಿರುವವರು ಹೊರಡಲು ಆಗುವುದಿಲ್ಲ ಅಲ್ವಾ? ಇದನ್ನು ಒಂದು ಗಂಟೆಯ ತರಬೇತಿಯಲ್ಲಿ ಮಾಡಿಸಿ ನೋಡುತ್ತೇವೆ. ದುಪಟ್ಟಾ, ಟೋಪಿ ಇರುವ ಜಾಕೆಟ್, ಸಡಿಲ ಬಟ್ಟೆ ಬೇಡ. ಮೊಬೈಲನ್ನು ವಿಮಾನಕ್ಕೆ ತರುವಂತಿಲ್ಲ.

ವಿಮಾನ ಮೇಲಿರುವಾಗ ಮಾಡುವ ತಪಾಸಣೆಯಲ್ಲಿ ಏನಾದರೂ ಸರಿಯಿಲ್ಲ ಅನಿಸಿದರೆ ನಿಮ್ಮನ್ನು ವಿಮಾನದಲ್ಲೇ ಇಳಿಸಿ, ಬೇರೆ ಸೆಟ್ಟಿನಲ್ಲಿ ಅದೇ ದಿನ ಅಥವಾ ಮರುದಿನ ಉಚಿತವಾಗಿ ಕರೆದೊಯ್ಯುತ್ತೇವೆ. ಸಮಯ ಹೊಂದದವರಿಗೆ ಪೂರ್ತಿ ಹಣ ವಾಪಸ್. ನಿಮ್ಮ ತೂಕ, ಬೆನ್ನು ಅಥವಾ ಮಂಡಿ ನೋವು ಇದ್ದರೆ ಅದನ್ನೂ ಬುಕಿಂಗ್ ಮೆಸೇಜಿಗೆ ಉತ್ತರವಾಗಿ ಈ ವಾರದೊಳಗೆ ಕಳಿಸಿ.

ಇಂತಿ,
ಕ್ಯಾಂಪ್ ತಂಡ