ಕುರಿ ಆ್ಯಪ್‌ಗೆ ನೆನಪಿನ ಶಕ್ತಿ ಇರಲಿ

ಮಾನ್ಯ ಸಂಪಾದಕರೇ,

ಸಣ್ಣ ಕುರಿ ಸಾಕಣೆದಾರರಿಗಾಗಿ ಮೊಬೈಲ್ ಆ್ಯಪ್ ಮಾಡುತ್ತಿರುವ ಕೆಲವು ವಿದ್ಯಾರ್ಥಿಗಳು ಈಚೆಗೆ ನನ್ನನ್ನು ಮಾತನಾಡಿಸಲು ಬಂದಿದ್ದರು. ನನ್ನದು 30 ಕುರಿಗಳ ಹಿಂಡು. ಅವುಗಳ ಜೊತೆಯಲ್ಲೇ ತಲೆ ನರೆತವಳು ನಾನು. ಮಕ್ಕಳು ಆಸೆಯಿಂದ ಕೇಳಿದರು, ಬರೆದುಕೊಂಡರು. ಇಂಥದೇ ಕೆಲಸಕ್ಕೆ ಕೈ ಹಾಕಿರುವ ಬೇರೆಯವರಿಗೂ ತಲುಪಲಿ ಎಂದು ಈ ಪತ್ರ.

ಅವರ ಆ್ಯಪ್ ತೆರೆದರೆ ಮೊದಲು ಹವಾಮಾನ, ಆಮೇಲೆ ಮಾರುಕಟ್ಟೆ ದರ, ಆಮೇಲೆ ಸುದ್ದಿ. ಇವೆಲ್ಲ ಬೇರೆ ಕಡೆಯೂ ಸಿಗುತ್ತವೆ ಅಲ್ವಾ? ಈ ಕುರಿಗೆ ಹಿಂದೆ ಏನಾಗಿತ್ತು, ಇವತ್ತು ನಾನು ಏನು ಮಾಡಬೇಕು ಎಂದು ಹೇಳುವವರು ಯಾರೂ ಇಲ್ಲ. ಆ್ಯಪ್ ಅದನ್ನು ಹೇಳಲಿ.

ಜಂತುಹುಳುವಿನ ವಿಷಯವನ್ನೇ ನೋಡಿ. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಆದರೆ ಹಿಂಡಿನ ಹೆಚ್ಚಿನ ಹುಳುಗಳು ಇರುವುದು ಕೆಲವೇ ಕುರಿಗಳಲ್ಲಿ. ಎಲ್ಲಕ್ಕೂ ಪದೇ ಪದೇ ಔಷಧ ಕುಡಿಸುತ್ತಾ ಹೋದರೆ ಹುಳುಗಳು ಆ ಔಷಧಕ್ಕೆ ಜಗ್ಗುವುದಿಲ್ಲ. ಅದಕ್ಕೇ, ಯಾವ ಕುರಿಗೆ ಔಷಧ ಬೇಕು ಎಂದು ತಿಳಿಯಲು, ದಕ್ಷಿಣ ಆಫ್ರಿಕಾದಲ್ಲಿ ಫಮಾಚಾ ಎಂಬ ಬಣ್ಣದ ಕಾರ್ಡ್ ಮಾಡಿದರು. ಕುರಿಯ ಕೆಳರೆಪ್ಪೆ ಬಿಡಿಸಿ, ಒಳಗಿನ ಬಣ್ಣವನ್ನು ಕಾರ್ಡಿನ 5 ಬಣ್ಣಗಳಿಗೆ ಹೋಲಿಸಿ ನೋಡಬೇಕು. 1 ಎಂದರೆ ಕೆಂಪಗಿದೆ, ಚಿಂತೆಯಿಲ್ಲ. 5 ಎಂದರೆ ಬಿಳಿಚಿಕೊಂಡಿದೆ, ಜೀವಕ್ಕೇ ಅಪಾಯ.

ಈ ಬಣ್ಣವನ್ನು ಮೊಬೈಲ್ ಕ್ಯಾಮೆರಾದಿಂದಲೇ ಕಂಡುಹಿಡಿಯುತ್ತೇವೆ ಎಂದು ಮಕ್ಕಳು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಬಿಸಿಲಲ್ಲಿ ಒಂದು ಬಣ್ಣ, ದೊಡ್ಡಿಯ ನೆರಳಲ್ಲಿ ಇನ್ನೊಂದು. ಒಂದೊಂದು ಫೋನಿನಲ್ಲೂ ಒಂದೊಂದು ಥರ. ನೋಡುವ ಕೆಲಸ ಕಣ್ಣಿಗೂ ಕಾರ್ಡಿಗೂ ಇರಲಿ. ನಾನು ಹೇಳಿದ ಅಂಕಿಯನ್ನು ಆ್ಯಪ್ ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡರೆ ಸಾಕು. ಒಂದೇ ಕುರಿ ಮತ್ತೆ ಮತ್ತೆ 4, 5 ತೋರಿಸುತ್ತಿದ್ದರೆ ಅದರ ಮರಿಯನ್ನು ತಳಿಗೆ ಇಟ್ಟುಕೊಳ್ಳಬಾರದು. ಹುಳು ತಡೆದುಕೊಳ್ಳುವ ಗುಣ ಹೆತ್ತವರಿಂದ ಮರಿಗೆ ಬರುತ್ತದೆ. ಮೂರು ವರ್ಷದ ಹಿಂದೆ ಯಾವುದಕ್ಕೆ ಎಷ್ಟು ಸಲ ಔಷಧ ಕುಡಿಸಿದೆ ಎಂಬುದು ನನಗಂತೂ ನೆನಪಿರುವುದಿಲ್ಲ.

ಗಬ್ಬದ ಲೆಕ್ಕವೂ ಹಾಗೇ. ಕುರಿ ಈಯುವುದು ಸುಮಾರು 150 ದಿನಕ್ಕೆ. ಕರುಳುಬೇನೆ ಲಸಿಕೆಯನ್ನು ಈಯುವ ಸುಮಾರು ಒಂದು ತಿಂಗಳ ಮೊದಲು ತಾಯಿಗೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಟಗರು ಹತ್ತಿದ ದಿನ ಹೇಳಿಟ್ಟರೆ, ಲಸಿಕೆಯ ಸಮಯಕ್ಕೆ ಆ್ಯಪ್ ತಾನಾಗಿ ಎಚ್ಚರಿಸಲಿ. ಅದೂ ಮಾತಿನಲ್ಲಿ. ಒಂದು ಕೈಯಲ್ಲಿ ಕುರಿ ಹಿಡಿದು, ಇನ್ನೊಂದು ಕೈ ಗೊಬ್ಬರವಾಗಿರುವಾಗ ಟೈಪ್ ಮಾಡುವುದು ಹೇಗೆ? ನೆಟ್‌ವರ್ಕ್ ಇಲ್ಲದ ಬಯಲಲ್ಲೂ ಅದು ನಡೆಯಬೇಕು. ಗುರುತಿಗೆ ಹಾಕಿದ ಕಿವಿಯೋಲೆ ಹರಿದು ಬೀಳುವುದುಂಟು, ಆದ್ದರಿಂದ ಪ್ರತಿ ಕುರಿಯ ಮುಖದ ಫೋಟೊ ಇರಲಿ. ನಾವು ಗುರುತು ಹಿಡಿಯುವುದೇ ಮುಖ ನೋಡಿ.

ಜ್ವರ, ಮೂಗು ಕಣ್ಣು ಸೋರುವುದು, ಬಾಯಿಹುಣ್ಣು, ಭೇದಿ ಒಟ್ಟಿಗೆ ಕಂಡರೆ ಅದು ಕುರಿ ಮೇಕೆಗಳಲ್ಲಿ ಬೇಗ ಹರಡುವ ಪಿಪಿಆರ್ ಎಂಬ ರೋಗ ಇರಬಹುದು. ಆಗ ಆ್ಯಪ್ ಔಷಧದ ಹೆಸರು ಹೇಳಲೇಬಾರದು. ಆ ಕುರಿಯನ್ನು ಬೇರೆ ಕಟ್ಟಿ ಎಂದು ಹೇಳಿ, ಪಶುವೈದ್ಯರಿಗೆ ಫೋನ್ ಹಚ್ಚಿಕೊಡಲಿ. ಜಗತ್ತಿನಿಂದಲೇ ಈ ರೋಗವನ್ನು 2030ರೊಳಗೆ ತೊಲಗಿಸುವ ಗುರಿ ಇದೆ. ದನಗಳ ದೊಡ್ಡರೋಗ 2011ರಲ್ಲಿ ಹಾಗೆಯೇ ತೊಲಗಿತು. ಸುದ್ದಿ ಬೇಗ ಮುಟ್ಟಿದಷ್ಟೂ ಸಾಯುವ ಕುರಿ ಕಡಿಮೆ.

ಕೊನೆಯದಾಗಿ, ನನ್ನ ಮರಿಗಳ ತೂಕ ಎಷ್ಟು, ಯಾವಾಗ ಮಾರಾಟಕ್ಕೆ ಬರುತ್ತವೆ ಎಂಬುದು ನನ್ನ ಗುಟ್ಟು. ಅದು ವ್ಯಾಪಾರಿಯ ಕೈ ಸೇರಿದರೆ ನನಗೆ ಚೌಕಾಸಿ ಮಾಡುವ ಬಲವೇ ಉಳಿಯುವುದಿಲ್ಲ. ಆ ಲೆಕ್ಕವನ್ನು ನನ್ನ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವುದಿಲ್ಲ ಎಂದು ಆ್ಯಪ್ ಮಾಡುವವರು ಮೊದಲೇ ಮಾತು ಕೊಡಲಿ.

ಇಂತಿ,
ಒಬ್ಬ ಕುರಿ ಸಾಕಣೆಗಾರ್ತಿ