ಜುಲೈ 1ರೊಳಗೆ ಫೈಲು ಕೋಣೆಗೆ ಸೂರು ಬೇಕು: ಪತ್ರಕರ್ತರ ಕಲ್ಯಾಣ ಟ್ರಸ್ಟಿನ ಮನವಿ

ಆತ್ಮೀಯರೇ, ನಮಸ್ಕಾರ.

ಹಳೇ ಪತ್ರಿಕೆಗಳನ್ನು ಬೈಂಡು ಮಾಡಿ ಇಟ್ಟಿರುವ ನಮ್ಮ ಫೈಲು ಕೋಣೆ ಕಳೆದ ವಾರದ ಮಳೆಗೆ ಸೋರಿತು. ರಾತ್ರಿ ಸೋರಿದ್ದು ಯಾರಿಗೂ ಗೊತ್ತಾಗಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಮೇಲಿನ ಎರಡು ಸಾಲಿನ ಪೇಪರ್ ಬೈಂಡುಗಳು ನೆನೆದು ಊದಿಕೊಂಡಿದ್ದವು. ಅವತ್ತಿನಿಂದ ಮೂರ್ನಾಲ್ಕು ಜನ ಫ್ಯಾನಿನ ಕೆಳಗೆ ಕೂತು ಒಂದೊಂದೇ ಪುಟ ಬಿಡಿಸುತ್ತಿದ್ದೇವೆ. ಪುಟಗಳ ನಡುವೆ ಒಣ ಕಾಗದ ಇಡಬೇಕು, ಅದು ಒದ್ದೆಯಾದ ಕೂಡಲೇ ಬದಲಿಸಬೇಕು. ಅವಸರ ಮಾಡಿದರೆ ಅಕ್ಷರದ ಸಮೇತ ಕಿತ್ತು ಬರುತ್ತದೆ.

ಹಳೇ ಪೇಪರ್ ತಾನೇ, ಹೋದರೆ ಹೋಗಲಿ ಬಿಡಿ ಎಂದು ಒಬ್ಬರು ಸಮಾಧಾನ ಹೇಳಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ.

ಎರಡು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಬಟ್ಟೆ ಚೀಲ ಹಿಡಿದು ನಮ್ಮಲ್ಲಿಗೆ ಬಂದರು. ಅವರ ಯಜಮಾನರು ಇಪ್ಪತ್ತಕ್ಕೂ ಹೆಚ್ಚು ವರ್ಷ ತಾಲ್ಲೂಕು ವರದಿಗಾರರಾಗಿದ್ದವರು. ಸುದ್ದಿ ಬರೆದು ಕವರಿಗೆ ಹಾಕಿ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಆಮೇಲೆ ಫ್ಯಾಕ್ಸ್ ಬಂತು, ಕೊನೆಗೆ ವಾಟ್ಸಾಪ್. ಅಚ್ಚಾದ ಸುದ್ದಿಯ ಉದ್ದಕ್ಕೆ ತಕ್ಕಂತೆ ದುಡ್ಡು, ಹಾಗಾಗಿ ಅದನ್ನು ಸ್ಕೇಲಿನಲ್ಲಿ ಅಳೆದು ತಿಂಗಳ ಕೊನೆಗೆ ಬಿಲ್ ಕಳಿಸಬೇಕಿತ್ತು. ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ. ಜಾತ್ರೆ ಸುದ್ದಿ ಮುಗಿಸಿ ಮನೆಗೆ ಬಂದ ರಾತ್ರಿ ಎದೆನೋವು ಬಂದು ತೀರಿಕೊಂಡರು.

ಚೀಲದಲ್ಲಿ ಇದ್ದದ್ದು ಮಗಳ ಹಳೇ ನೋಟ್‌ಬುಕ್. ಅದರ ತುಂಬ ಮೈದಾ ಅಂಟಿನಲ್ಲಿ ಅಂಟಿಸಿದ ತುಣುಕುಗಳು. ಪರಿಹಾರದ ಅರ್ಜಿಗೆ ಯಜಮಾನರು ಪತ್ರಕರ್ತರಾಗಿದ್ದರು ಅನ್ನುವುದಕ್ಕೆ ಪುರಾವೆ ಕೇಳಿದ್ದರು. ತಾಲ್ಲೂಕಿನ ಸುದ್ದಿಗೆ ಹೆಸರು ಹಾಕುವುದು ಅಪರೂಪ, ನಿಮಗೆ ಗೊತ್ತಲ್ಲ. ಅಷ್ಟೂ ತುಣುಕುಗಳಲ್ಲಿ ಅವರ ಹೆಸರು ಒಂದು ಕಡೆಯೂ ಇರಲಿಲ್ಲ. ನಾವು ಇದೇ ಕೋಣೆಯಲ್ಲಿ ಹನ್ನೊಂದು ದಿನ ಕೂತು ಹುಡುಕಿದೆವು. ಪುರವಣಿಗೆ ಬರೆದ ಲೇಖನಗಳಲ್ಲಿ ಹೆಸರು ಸಿಕ್ಕಿತು. ಆ ಪುಟಗಳ ನಕಲು ಲಗತ್ತಿಸಿದ ಮೇಲೆ ಅರ್ಜಿ ಮುಂದೆ ಹೋಯಿತು, ಹಣವೂ ಬಂತು. ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ.

ಹೀಗೆ ನಮ್ಮಲ್ಲಿಗೆ ಬಂದವರು ಅವರೊಬ್ಬರೇ ಅಲ್ಲ. ಊರಿನವರ ಕಷ್ಟವನ್ನೆಲ್ಲ ದಾಖಲು ಮಾಡಿದವರಿಗೆ ತಮ್ಮದೇ ಒಂದು ದಾಖಲೆ ಇರುವುದಿಲ್ಲ. ಅದು ಇರುವುದು ಈ ಬೈಂಡುಗಳಲ್ಲಿ ಮಾತ್ರ.

ನಮ್ಮ ಟ್ರಸ್ಟಿನ ಕಥೆ ನಿಮಗೆ ಹೊಸದಲ್ಲ. ಒಂದು ಬೀರು, ಎರಡು ಬೆಂಚಿನಿಂದ ಶುರುವಾದದ್ದು. ಕೋವಿಡ್ ಕಾಲದಲ್ಲಿ ಸಂಬಳ ನಿಂತ ವರದಿಗಾರರ ಮನೆಗೆ, ಪೇಪರ್ ಹಾಕುವ ಹುಡುಗರ ಮನೆಗೆ ಅಕ್ಕಿ ಬೇಳೆ ತಲುಪಿಸಿದ್ದು ನಿಮ್ಮ ದುಡ್ಡಿನಿಂದಲೇ. ಬೇಸಿಗೆ ಶಿಬಿರದಲ್ಲಿ ಮಾಹಿತಿ ಹಕ್ಕು ಅರ್ಜಿ ಬರೆಯುವುದು ಕಲಿತ ಹುಡುಗಿಯೊಬ್ಬಳು ತನ್ನ ಊರಿನ ಕುಡಿಯುವ ನೀರಿನ ಕಾಮಗಾರಿಯ ಲೆಕ್ಕ ಹೊರಗೆ ತಂದಳು. ಆ ವರದಿಯನ್ನು ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದೇವೆ. ಇಂಥ ಮಕ್ಕಳನ್ನು ನೋಡಿದರೆ ಎದೆ ತುಂಬುತ್ತದೆ. ಡಿವಿಜಿ ಕೂಡ ಮೊದಲು ಪತ್ರಕರ್ತರು. 1970ರಲ್ಲಿ ನಾಡಿನವರು ಸನ್ಮಾನ ಮಾಡಿ ಕೊಟ್ಟ ನಿಧಿಯನ್ನು ಅವರು ತಾವೇ ಬೆಂಗಳೂರಿನಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಬಿಟ್ಟುಕೊಟ್ಟರು. ಆ ಪರಂಪರೆಯವರು ನಾವು ಅನ್ನುವ ಹೆಮ್ಮೆ ನಮಗಿದೆ.

ಈಗ ಬೇಕಾಗಿರುವುದನ್ನು ಹೇಳಿಬಿಡುತ್ತೇವೆ. ತಾರಸಿಯ ಮೇಲೆ ಶೀಟ್ ಹೊದಿಸಲು ಮೂರೂವರೆ ಲಕ್ಷದ ಹತ್ತಿರ ಆಗುತ್ತದಂತೆ. ಬೈಂಡುಗಳನ್ನು ಸ್ಕ್ಯಾನ್ ಮಾಡಿಸಲು ಇನ್ನೊಂದೂವರೆ ಲಕ್ಷ ಬೇಕಾಗಬಹುದು. ಮಕ್ಕಳ ಫೀಸಿಗೆ, ಆಸ್ಪತ್ರೆ ಖರ್ಚಿಗೆ ಇಟ್ಟ ಹಣ ಮುಟ್ಟುವ ಮನಸ್ಸು ನಮಗಿಲ್ಲ. ಜೂನ್ ಕಳೆದರೆ ಮಳೆ ಜೋರಾಗುತ್ತದೆ. ಜುಲೈ 1 ಪತ್ರಿಕಾ ದಿನ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದ ದಿನ. ಈ ಸಲ ವೇದಿಕೆ, ಶಾಲು, ಹಾರ ಯಾವುದೂ ಬೇಡ, ಆ ಖರ್ಚೂ ಸೂರಿಗೇ ಹೋಗಲಿ ಎಂದು ಎಲ್ಲರೂ ಒಪ್ಪಿದ್ದೇವೆ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಬೇಕಾದವರು ಎರಡು ಸಾವಿರಕ್ಕಿಂತ ಜಾಸ್ತಿ ಮೊತ್ತವನ್ನು ನಗದಾಗಿ ಕೊಡಬೇಡಿ, ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ದುಡ್ಡು ಕೊಡಲು ಆಗದವರು ಭಾನುವಾರ ಬಿಡುವು ಮಾಡಿಕೊಂಡು ಬನ್ನಿ. 1994ರ ಬೈಂಡು ಇನ್ನೂ ಬಿಡಿಸಬೇಕಿದೆ.

ನಿಮ್ಮ
ಧರ್ಮದರ್ಶಿಗಳು